ಮಿಸಿಸಿಪ್ಪಿಯ ಮಕ್ಕಳು: ಅನ್ನ, ಔಷಧ, ಅಕ್ಷರ

1966ರ ಫೆಬ್ರವರಿ ತಿಂಗಳಲ್ಲಿ ಅಮೆರಿಕದ ಸಂಸತ್ತಿನ ಒಂದು ವಿಚಾರಣಾ ಕೊಠಡಿಗೆ 48 ಪುಟ್ಟ ಮಕ್ಕಳು ತಮ್ಮ ಶಿಕ್ಷಕಿಯರೊಡನೆ ಬಂದು ಕುಳಿತರು. ಅವರು ಬಂದದ್ದು ಸುಮಾರು ಸಾವಿರ ಮೈಲಿ ದೂರದ ಮಿಸಿಸಿಪ್ಪಿ ರಾಜ್ಯದಿಂದ, ಬಸ್ಸಿನಲ್ಲಿ. ಪ್ರತಿನಿಧಿ ಸಭೆಯ ಶಿಕ್ಷಣ ಮತ್ತು ಕಾರ್ಮಿಕ ಸಮಿತಿಯ ಸದಸ್ಯರು ಕಡತಗಳನ್ನು ಮುಂದಿಟ್ಟುಕೊಂಡು ವಾದಿಸುವ ಆ ಕೊಠಡಿ ಅಂದು ಶಿಶುವಿಹಾರವಾಯಿತು. ಮಕ್ಕಳು ಚಿತ್ರ ಬರೆದರು, ಹಾಡಿದರು, ಆಡಿದರು. ಅವರ ಬೇಡಿಕೆ ಒಂದೇ: ಊರಿನಲ್ಲಿ ತಮಗೆ ಊಟ, ಔಷಧ, ಅಕ್ಷರ ಮೂರನ್ನೂ ಕೊಡುತ್ತಿದ್ದ ಕೇಂದ್ರಗಳಿಗೆ ನಿಂತುಹೋಗಿದ್ದ ಸರ್ಕಾರದ ಹಣ ಮತ್ತೆ ಬರಬೇಕು. ಆ ತಿಂಗಳಲ್ಲೇ ಹಣ ಮಂಜೂರಾಯಿತು. ಅದೇ ವರ್ಷದ ಶರತ್ಕಾಲದಲ್ಲಿ ಮತ್ತೆ ಕಡಿದುಹೋಯಿತು.

ನಾಲ್ಕೈದು ವರ್ಷದ ಮಕ್ಕಳಿಗೆ ಒಂದು ಹೊತ್ತಿನ ಊಟ ಹಾಕಿ ಹಾಡು ಕಲಿಸುವ ಕೆಲಸವು ಒಂದು ದೊಡ್ಡ ದೇಶದ ಸೆನೆಟ್ ಸದಸ್ಯರನ್ನೂ ರಾಜ್ಯಪಾಲರನ್ನೂ ಪತ್ರಿಕೆಗಳನ್ನೂ ಅಲುಗಾಡಿಸಿತೇಕೆ? ಇದು ಮೇಲುನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಅಮೆರಿಕದ ಕಪ್ಪುಜನಾಂಗದ ಮಕ್ಕಳ ಪರವಾಗಿ ದುಡಿದ ಸಂಸ್ಥೆಗಳ ಚರಿತ್ರೆಯನ್ನು ಓದುತ್ತ ಹೋದಂತೆ ಈ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ. ಆ ಸಂಸ್ಥೆಗಳ ಸಂಖ್ಯೆ ದೊಡ್ಡದು, ಕಾಲವೂ ದೀರ್ಘ. ಎಲ್ಲವನ್ನೂ ಹೇಳಹೊರಟರೆ ಲೇಖನವು ಪಟ್ಟಿಯಾಗಿಬಿಡುತ್ತದೆ. ಆದುದರಿಂದ ಮುಖ್ಯವಾಗಿ ಒಂದೇ ನೆಲವನ್ನು, ಮಿಸಿಸಿಪ್ಪಿ ರಾಜ್ಯದ ವಾಯವ್ಯಕ್ಕಿರುವ ‘ಡೆಲ್ಟಾ’ ಎಂಬ ಹತ್ತಿಯ ಬಯಲನ್ನು, ಹಿಡಿದು ಈ ಕಥೆಯನ್ನು ನಿರೂಪಿಸುತ್ತೇನೆ. ಮೆಕ್ಕಲುಮಣ್ಣಿನ ಆ ನೆಲದ ಫಲವತ್ತತೆ ಲೋಕಪ್ರಸಿದ್ಧ; ಅದರ ಮೇಲೆ ದುಡಿದವರ ದಾರಿದ್ರ್ಯವೂ ಅಷ್ಟೇ ಪ್ರಸಿದ್ಧ.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತು. ದಕ್ಷಿಣ ಕೆರೊಲಿನಾ 1740ರಷ್ಟು ಹಿಂದೆಯೇ ಅವರಿಗೆ ಬರವಣಿಗೆ ಕಲಿಸುವುದನ್ನು ಕಾನೂನಿನಿಂದ ನಿಷೇಧಿಸಿತ್ತು. ಓದಬಲ್ಲವನು ತನ್ನ ಒಡೆಯನ ರಹದಾರಿಯನ್ನು ತಾನೇ ಬರೆದುಕೊಂಡು ಓಡಿಹೋಗಬಲ್ಲನೆಂಬ ಭಯ ಅದಕ್ಕೆ ಕಾರಣವಾಗಿದ್ದುದುಂಟು. ಅಂತರ್ಯುದ್ಧದ ಕೊನೆಯಲ್ಲಿ, 1865ರಲ್ಲಿ, ವಿಮೋಚಿತರಿಗಾಗಿ ಒಕ್ಕೂಟ ಸರ್ಕಾರ ತೆರೆದ ಇಲಾಖೆಯು ಮಿಷನರಿ ಸಂಘಗಳೊಡನೆ ಸೇರಿ ಸಾವಿರಾರು ಶಾಲೆಗಳಿಗೆ ನೆರವಾಯಿತು, ಆಸ್ಪತ್ರೆಗಳನ್ನೂ ನಡೆಸಿತು. ಆ ಇಲಾಖೆ 1872ರಲ್ಲಿ ಮುಚ್ಚಿತು. ಅನಂತರ ದಕ್ಷಿಣದ ಬಿಳಿಯ ಜಮೀನ್ದಾರರು ರಾಜ್ಯಾಧಿಕಾರವನ್ನು ಮರಳಿ ಹಿಡಿದರು. ಮಿಸಿಸಿಪ್ಪಿಯ 1890ರ ಸಂವಿಧಾನವು ಮತದಾರನಿಗೆ ತಲೆಗಂದಾಯವನ್ನೂ ಓದುಬರಹದ ಪರೀಕ್ಷೆಯನ್ನೂ ವಿಧಿಸಿತು. ಶಾಲೆಯನ್ನು ಸೊರಗಿಸುವವರೂ ಅವರೇ, ಓದು ಬಾರದೆಂದು ಮತವನ್ನು ಕಸಿಯುವವರೂ ಅವರೇ! ಮತವಿಲ್ಲದ ಜನರ ಶಾಲೆಗೆ ತೆರಿಗೆಯ ಹಣ ಹೋಗಬೇಕಾದ ಅಗತ್ಯ ಯಾರಿಗೂ ಕಾಣಲಿಲ್ಲ.

ರಾಜ್ಯವು ಕೈಬಿಟ್ಟ ಮೇಲೆ ಕಪ್ಪುಜನರು ತಮ್ಮ ಸಂಘಗಳನ್ನು ತಾವೇ ಕಟ್ಟಿಕೊಂಡರು. 1896ರಲ್ಲಿ ಕಪ್ಪುಮಹಿಳೆಯರ ರಾಷ್ಟ್ರೀಯ ಸಂಘವು ಹುಟ್ಟಿ, ಮೇರಿ ಚರ್ಚ್ ಟೆರೆಲ್ ಅದರ ಮೊದಲ ಅಧ್ಯಕ್ಷೆಯಾದರು. ಅನ್ಯರ ಮನೆಯಲ್ಲಿ ಬಟ್ಟೆ ಒಗೆದು, ಅಡುಗೆ ಮಾಡಿ ಬದುಕುವ ತಾಯಂದಿರ ಮಕ್ಕಳಿಗಾಗಿ ಈ ಸಂಘದ ಶಾಖೆಗಳು ಶಿಶುಪಾಲನಾ ಗೃಹಗಳನ್ನೂ ಶಿಶುವಿಹಾರಗಳನ್ನೂ ತೆರೆದವು. ಅಲಬಾಮಾದ ಟಸ್ಕೀಗಿ ಸಂಸ್ಥೆಯ ಬುಕರ್ ಟಿ. ವಾಷಿಂಗ್ಟನ್ನರು ಶಿಕಾಗೋದ ವರ್ತಕ ಜೂಲಿಯಸ್ ರೋಸೆನ್‌ವಾಲ್ಡರ ಹಣವನ್ನು ಹಳ್ಳಿಶಾಲೆಗಳ ಕಡೆಗೆ ತಿರುಗಿಸಿದರು. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಐದು ಸಾವಿರದಷ್ಟು ಶಾಲೆಗಳು ಎದ್ದಿದ್ದವು. ದಾನಿಯ ಹಣ ಬರಬೇಕಾದರೆ ಊರವರೂ ತಮ್ಮ ಪಾಲನ್ನು ಹಾಕಬೇಕು. ದುಡ್ಡಿಲ್ಲದವರು ಮರ ಕಡಿದು, ದೇಹಶ್ರಮ ಕೊಟ್ಟು ಪಾಲು ಸಲ್ಲಿಸಿದರು. ತೆರಿಗೆಯನ್ನೂ ತೆತ್ತು ಮೇಲೆ ಈ ಪಾಲನ್ನೂ ತೆತ್ತುದರಿಂದ ಬಡವರು ಒಂದೇ ಶಾಲೆಗೆ ಎರಡು ಸಲ ಬೆಲೆ ಕೊಟ್ಟಂತಾಯಿತು. ಲಾಲಾ ಲಜಪತ್ ರಾಯ್ ಅವರು ಅಮೆರಿಕದಲ್ಲಿದ್ದಾಗ ಟಸ್ಕೀಗಿಯನ್ನು ಕಂಡು, 1916ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕಪ್ಪುಜನರ ಶಿಕ್ಷಣವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆಂಬುದನ್ನು ನಮ್ಮವರು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೆ ಒಂದು ವರ್ಷ ಹಿಂದೆ, 1915ರಲ್ಲಿ, ವಾಷಿಂಗ್ಟನ್ನರು ‘ರಾಷ್ಟ್ರೀಯ ನೀಗ್ರೋ ಆರೋಗ್ಯ ಸಪ್ತಾಹ’ವನ್ನು ಆರಂಭಿಸಿದ್ದರು. ಬಾವಿ ಶುಚಿ ಮಾಡುವುದು, ಮನೆಗೆ ಸುಣ್ಣ ಬಳಿಯುವುದು, ನೊಣ ಸೊಳ್ಳೆಗಳ ನಿವಾರಣೆ, ಮಕ್ಕಳ ತಪಾಸಣೆ ಮುಂತಾದವು ಅದರ ಕಾರ್ಯಕ್ರಮಗಳು. ಶಾಲೆ ಕಟ್ಟುವವರೇ ಆರೋಗ್ಯಕ್ಕೂ ಕೈಹಾಕಿದ್ದು ಆಕಸ್ಮಿಕವಲ್ಲ. ಚಳಿಜ್ವರದಲ್ಲಿ ನಡುಗುವ ಮಗು ಹಲಗೆಯ ಮೇಲೆ ಏನು ಬರೆದೀತು?

ಈಗ ಡೆಲ್ಟಾಕ್ಕೆ ಬರೋಣ.

ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ಸ್ಥಾಪಿತವಾದ ‘ಆಲ್ಫಾ ಕಪ್ಪಾ ಆಲ್ಫಾ’ ಎಂಬುದು ಕಾಲೇಜು ಓದಿದ ಕಪ್ಪುಮಹಿಳೆಯರ ಸಂಘ. ಅದರ ಅಧ್ಯಕ್ಷೆಯಾಗಿದ್ದ ಓಕ್ಲೆಂಡಿನ ಶಿಕ್ಷಕಿ ಐಡಾ ಜಾಕ್ಸನ್ 1934ರ ಬೇಸಗೆಯಲ್ಲಿ ಮಿಸಿಸಿಪ್ಪಿಯ ಹೋಮ್ಸ್ ಕೌಂಟಿಯಲ್ಲಿ ಹಳ್ಳಿಯ ಶಿಕ್ಷಕಿಯರಿಗಾಗಿ ಒಂದು ಬೇಸಗೆ ಶಾಲೆಯನ್ನು ನಡೆಸಿದರು. ಉದ್ದೇಶವಿದ್ದುದು ಬೋಧನೆಯ ಮಟ್ಟವನ್ನು ಏರಿಸುವುದು. ಆದರೆ ಅಲ್ಲಿ ಕಂಡದ್ದು ಬೇರೆ: ಶಿಕ್ಷಕಿಯರಿಗೆ ಎಷ್ಟು ಕಲಿಸಿದರೂ ಪ್ರಯೋಜನ ಕಡಿಮೆ, ಏಕೆಂದರೆ ಅವರೆದುರು ಕುಳಿತುಕೊಳ್ಳುವ ಮಕ್ಕಳು ರೋಗಿಗಳು. ಮರುವರ್ಷ ಸಂಘವು ಬೇಸಗೆ ಶಾಲೆಯ ಜೊತೆಗೆ ವೈದ್ಯಕೀಯ ತಂಡವನ್ನೂ ಕಳುಹಿಸಲು ತೀರ್ಮಾನಿಸಿತು. ಅದರ ಮುಖ್ಯಸ್ಥೆ ಡಾ. ಡೊರೊಥಿ ಬೋಲ್ಡಿಂಗ್ ಫೆರಬೀ. ಟಫ್ಟ್ಸ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ ವಾಷಿಂಗ್ಟನ್ನಿನಲ್ಲಿ ವೃತ್ತಿ ನಡೆಸುತ್ತಿದ್ದ ಅವರು, ಅಲ್ಲಿನ ಬಡ ಕಪ್ಪುಮಕ್ಕಳಿಗಾಗಿ 1929ರಲ್ಲಿಯೇ ಒಂದು ಸೇವಾಗೃಹವನ್ನು ತೆರೆದಿದ್ದರು.

ಈ ತಂಡದ ಪ್ರಯಾಣವೇ ಒಂದು ಪಾಠ. ವರ್ಣಭೇದದ ನಿಯಮಗಳಿದ್ದ ರೈಲಿನಲ್ಲಿ ಅಷ್ಟು ಜನ ಕಪ್ಪುಮಹಿಳೆಯರಿಗೆ ಸ್ಥಳ ದೊರೆಯಲಿಲ್ಲ. ಅವರು ತಮ್ಮ ಸ್ವಂತ ಕಾರುಗಳಲ್ಲಿ, ತಂಗಲು ಹೋಟೆಲು ಸಿಗದ ದಾರಿಯಲ್ಲಿ, ಔಷಧದ ಪೆಟ್ಟಿಗೆಗಳನ್ನು ಹೇರಿಕೊಂಡು ಹೋದರು. ಶಾಲೆ, ಚರ್ಚುಗಳಲ್ಲಿ ಚಿಕಿತ್ಸಾಲಯ ತೆರೆದು ಕುಳಿತರೆ ಜನ ಬರುತ್ತಾರೆಂಬುದು ಅವರ ಎಣಿಕೆ. ನಿರೀಕ್ಷಿಸಿದಷ್ಟು ಜನ ಬರಲಿಲ್ಲ. ಡೆಲ್ಟಾದ ಕಪ್ಪುಕುಟುಂಬಗಳು ಬಹುಪಾಲು ಪಾಲಿನ ಬೇಸಾಯಗಾರರು, ನಮ್ಮ ಕಡೆ ಕೋರು, ವಾರ ಎನ್ನುವ ಪದ್ಧತಿಯವರು. ಬೀಜ, ಗೊಬ್ಬರ, ಹಿಟ್ಟು, ಬಟ್ಟೆಯೆಲ್ಲ ಜಮೀನ್ದಾರನ ಅಂಗಡಿಯಿಂದ ಸಾಲ; ವರ್ಷದ ಕೊನೆಗೆ ಲೆಕ್ಕ ಬರೆಯುವವನೂ ಅವನೇ. ಹೊಲ ಬಿಟ್ಟು ಹೊರಗೆ ಹೋಗಲು ಅವರಿಗೆ ಅಪ್ಪಣೆಯಿರಲಿಲ್ಲ. ಹೊರಗಿನಿಂದ ಬಂದ ಓದಿದ ಹೆಂಗಸರು ಕೂಲಿಯವರ ತಲೆಕೆಡಿಸಿಯಾರೆಂಬ ಅನುಮಾನ ಒಡೆಯರದು. ಆಗ ಫೆರಬೀ ಮಾಡಿದ ನಿರ್ಧಾರ ಸರಳವಾದುದು: ರೋಗಿಗಳು ಬರಲಾರರೆಂದಾದರೆ ಚಿಕಿತ್ಸಾಲಯವೇ ಹೊಲಕ್ಕೆ ಹೋಗಲಿ. ಕಾರುಗಳೇ ಸಂಚಾರಿ ಆಸ್ಪತ್ರೆಗಳಾದವು. ಮರದ ನೆರಳಿನಲ್ಲಿ ಮೇಜು ಹಾಕಿ ಸಿಡುಬು, ಗಂಟಲಮಾರಿ ರೋಗಗಳಿಗೆ ಲಸಿಕೆ ಹಾಕಿದರು, ಹಲ್ಲು ನೋಡಿದರು, ಮಲೇರಿಯಕ್ಕೆ ಔಷಧ ಕೊಟ್ಟರು, ತಾಯಂದಿರಿಗೆ ಆಹಾರದ ವಿಷಯ ತಿಳಿಸಿದರು. ಸೊಂಟದಲ್ಲಿ ಬಂದೂಕು ಧರಿಸಿದ ಜಮೀನಿನ ಮೇಲ್ವಿಚಾರಕರು ಕುದುರೆಯ ಮೇಲೆ ಕುಳಿತು, ಲಸಿಕೆಯ ಸಾಲಿನಲ್ಲಿ ಯಾರು ಏನು ಮಾತಾಡುತ್ತಾರೆಂದು ಕಾಯುತ್ತಿದ್ದರು.

ಪ್ರತಿ ಬೇಸಗೆಯೂ ಕೆಲವು ವಾರ ಮಾತ್ರ ನಡೆದ ಈ ಕಾರ್ಯ ಮುಂದಿನ ವರ್ಷಗಳಲ್ಲಿ ಬೊಲಿವರ್ ಕೌಂಟಿಗೆ ಹರಡಿತು. ಸಾವಿರಾರು ಮಕ್ಕಳಿಗೆ ಲಸಿಕೆ ದೊರೆಯಿತು. ಅವರಲ್ಲಿ ಅನೇಕರು ಜೀವಮಾನದಲ್ಲಿ ಮೊದಲ ಬಾರಿಗೆ ವೈದ್ಯರ ಮುಖ ನೋಡಿದರು. ಅಮೆರಿಕ ಎರಡನೆಯ ಮಹಾಯುದ್ಧಕ್ಕೆ ಇಳಿದಾಗ ಪೆಟ್ರೋಲು, ಟೈರುಗಳಿಗೆ ಪಡಿತರ ಬಂದು ಕಾರುಗಳು ನಿಂತವು. ಈ ಯೋಜನೆಯನ್ನು ಹೊಗಳಿ ಬರೆದವರೇ ಹೆಚ್ಚು. ನನಗೆ ಅದರ ಮಿತಿಯೂ ಅಷ್ಟೇ ಮುಖ್ಯವಾಗಿ ಕಾಣುತ್ತದೆ. ಫೆರಬೀ ಅವರ ತಂಡ ಜಮೀನ್ದಾರನ ಅಪ್ಪಣೆಯಿಲ್ಲದೆ ಹೊಲದೊಳಗೆ ಕಾಲಿಡುವಂತಿರಲಿಲ್ಲ. ರೋಗದ ಮೂಲ ಸೊಳ್ಳೆ ಮಾತ್ರವಲ್ಲ, ಉಪ್ಪಿಟ್ಟ ಹಂದಿಯ ಕೊಬ್ಬು, ಜೋಳದ ಹಿಟ್ಟು, ಕಾಕಂಬಿಗಳ ಹೊರತು ಬೇರೇನನ್ನೂ ಮಗುವಿಗೆ ಒದಗಿಸದ ಆ ಸಾಲದ ಲೆಕ್ಕವೂ ಮೂಲವೆಂದು ಅವರಿಗೆ ಚೆನ್ನಾಗಿ ತಿಳಿದಿತ್ತು. ಹಾಗೆಂದು ಹೊಲದಲ್ಲಿ ನಿಂತು ಹೇಳಿದ್ದರೆ ಮರುದಿನ ಲಸಿಕೆಯೂ ಇಲ್ಲ. ಆದ್ದರಿಂದ ಡೆಲ್ಟಾದಲ್ಲಿ ಬಾಯಿ ಬಿಡಲಾಗದ್ದನ್ನು ರಾಜಧಾನಿಯಲ್ಲಿ ಹೇಳಲು ಸಂಘವು ಬೇರೊಂದು ದಾರಿ ಹುಡುಕಿತು. 1938ರಲ್ಲಿ ನಾರ್ಮಾ ಬಾಯ್ಡ್ ಅವರ ನೇತೃತ್ವದಲ್ಲಿ ವಾಷಿಂಗ್ಟನ್ನಿನಲ್ಲಿ ಶಾಸಕರನ್ನು ಕಂಡು ಒತ್ತಾಯಿಸುವ ಒಂದು ಮಂಡಳಿಯನ್ನೇ ಸ್ಥಾಪಿಸಿತು. ಸೇವೆಯು ವಕಾಲತ್ತಾಗಿ ಪರಿಣಮಿಸಿದ ಕ್ಷಣವನ್ನು ಗುರುತಿಸಬೇಕೆಂದರೆ ನಾನು ಇದನ್ನೇ ತೋರಿಸುತ್ತೇನೆ.

ಬೊಲಿವರ್ ಕೌಂಟಿಯ ಮೌಂಡ್ ಬಾಯೂ ಎಂಬ ಊರಿನ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಅದು 1887ರಲ್ಲಿ ವಿಮೋಚಿತ ಗುಲಾಮರೇ ಕಾಡು ಕಡಿದು ಕಟ್ಟಿದ ಊರು. ಫೆರಬೀ ಅವರ ಕಾರುಗಳು ನಿಂತ ಹೊತ್ತಿಗೆ, 1942ರಲ್ಲಿ, ‘ಟ್ಯಾಬೋರ್’ ಎಂಬ ಕಪ್ಪುಜನರ ಸಹಾಯಸಂಘವು ತನ್ನ ಸದಸ್ಯರ ಚಿಲ್ಲರೆ ಚಂದಾಹಣದಿಂದ ಅಲ್ಲೊಂದು ಆಸ್ಪತ್ರೆಯನ್ನು ತೆರೆಯಿತು. ಹತ್ತಿ ಬಿಡಿಸುವವರು ಮುಂಬಾಗಿಲಿನಿಂದ ಒಳಹೊಕ್ಕು ಚಿಕಿತ್ಸೆ ಪಡೆಯಬಹುದಾದ ಆಸ್ಪತ್ರೆ ಆ ಸೀಮೆಯಲ್ಲಿ ಅದಾಗಿತ್ತು. ಈ ಊರು ಮುಂದೆ ಮತ್ತೆ ಬರುತ್ತದೆ.

ನ್ಯಾಯಾಲಯದ ಹೋರಾಟದ ಕಥೆ ಹೆಚ್ಚು ಪರಿಚಿತವಾದುದರಿಂದ ಅದನ್ನು ಬೇಗ ದಾಟುತ್ತೇನೆ. ಕಪ್ಪುಜನರ ಹಕ್ಕುಗಳ ರಾಷ್ಟ್ರೀಯ ಸಂಘವಾದ ಎನ್.ಎ.ಎ.ಸಿ.ಪಿ. 1909ರಲ್ಲಿ ಹುಟ್ಟಿತು, ಅದರ ಕಾನೂನು ನಿಧಿಯನ್ನು 1940ರಲ್ಲಿ ತರ್ಗುಡ್ ಮಾರ್ಷಲ್ ಸ್ಥಾಪಿಸಿದರು. 1954ರ ಮೇ 17ರಂದು ಸರ್ವೋಚ್ಚ ನ್ಯಾಯಾಲಯವು ಬಣ್ಣದ ಆಧಾರದ ಮೇಲೆ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಆ ಮೊಕದ್ದಮೆಗಳಲ್ಲಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ದಂಪತಿಗಳ ಬೊಂಬೆಯ ಪ್ರಯೋಗಗಳು ಸಾಕ್ಷ್ಯವಾಗಿ ಬಂದವು: ಕಪ್ಪುಮಕ್ಕಳಲ್ಲಿ ಬಹುಮಂದಿ ಕಪ್ಪು ಬೊಂಬೆಯನ್ನು ‘ಕೆಟ್ಟದು’ ಎಂದು ತೋರಿಸಿದ್ದರು. ಕ್ಲಾರ್ಕ್ ದಂಪತಿಗಳು 1946ರಿಂದ ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಮಕ್ಕಳ ಮನೋವಿಕಾಸ ಕೇಂದ್ರವೊಂದನ್ನು ನಡೆಸುತ್ತಿದ್ದರೆಂಬುದು ಕಡಿಮೆ ಜನಕ್ಕೆ ಗೊತ್ತು. ಅಂದರೆ ಶಾಲೆಯ ಮೊಕದ್ದಮೆಯಲ್ಲಿ ಗೆದ್ದ ಸಾಕ್ಷ್ಯವೂ ಮಗುವಿನ ಆರೋಗ್ಯದ ಕುರಿತದ್ದೇ, ಮನಸ್ಸಿನ ಆರೋಗ್ಯದ ಕುರಿತದ್ದು. ತೀರ್ಪು ಬಂದರೂ ದಕ್ಷಿಣ ಮಣಿಯಲಿಲ್ಲ. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯು ಬಿಳಿಯ ಮತ್ತು ಕಪ್ಪು ಮಕ್ಕಳನ್ನು ಒಟ್ಟಿಗೆ ಕೂರಿಸುವುದರ ಬದಲು 1959ರಿಂದ ಐದು ವರ್ಷ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು.

1964ರ ಬೇಸಗೆಯಲ್ಲಿ ನಾಗರಿಕ ಹಕ್ಕುಗಳ ಕಾರ್ಯಕರ್ತರು ಮಿಸಿಸಿಪ್ಪಿಯಲ್ಲಿ ಮತದಾರರ ನೋಂದಣಿಯ ಜೊತೆಗೆ ನಲವತ್ತಕ್ಕೂ ಹೆಚ್ಚು ‘ಸ್ವಾತಂತ್ರ್ಯ ಶಾಲೆ’ಗಳನ್ನು ನಡೆಸಿದರು. ಜೂನ್ 21ರಂದು ಜೇಮ್ಸ್ ಚೇನಿ, ಆಂಡ್ರೂ ಗುಡ್‌ಮನ್, ಮೈಕೆಲ್ ಶ್ವರ್ನರ್ ಎಂಬ ಮೂವರು ತರುಣರು ಕೊಲೆಯಾದರು. ಮರುವರ್ಷ ಅಧ್ಯಕ್ಷ ಜಾನ್ಸನ್ ಅವರ ಸರ್ಕಾರ ಬಡ ಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕಾಗಿ ‘ಹೆಡ್ ಸ್ಟಾರ್ಟ್’ ಯೋಜನೆಯನ್ನು ಘೋಷಿಸಿತು. ಕಲಿಕೆ, ಊಟ, ವೈದ್ಯಕೀಯ ಹಾಗೂ ದಂತ ತಪಾಸಣೆ ಮೂರನ್ನೂ ಒಂದೇ ಸೂರಿನಡಿ ಕೊಡುವುದು ಅದರ ನಿಯಮ. ಮಿಸಿಸಿಪ್ಪಿಯ ಸರ್ಕಾರ ಇದಕ್ಕೆ ಉತ್ಸಾಹ ತೋರಲಿಲ್ಲ. ಆಗ ಟಾಮ್ ಲೆವಿನ್ ಎಂಬ ಮನೋವಿಶ್ಲೇಷಕರೂ ಹಕ್ಕುಗಳ ಹೋರಾಟದಲ್ಲಿದ್ದ ಸ್ಥಳೀಯರೂ ಕೂಡಿ ‘ಮಿಸಿಸಿಪ್ಪಿ ಶಿಶುವಿಕಾಸ ತಂಡ’ವನ್ನು ಕಟ್ಟಿದರು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಸಿ.ಡಿ.ಜಿ.ಎಂ. ಎನ್ನುತ್ತಾರೆ. ಇಂಥ ಅನುದಾನವನ್ನು ರಾಜ್ಯಪಾಲರು ತಡೆಹಿಡಿಯಬಹುದಾಗಿತ್ತು. ಕಾಲೇಜಿನ ಮೂಲಕ ಬಂದರೆ ತಡೆಯುವಂತಿರಲಿಲ್ಲ. ಹೀಗಾಗಿ ಮೇರಿ ಹೋಮ್ಸ್ ಎಂಬ ಸಣ್ಣ ಕಾಲೇಜಿನ ಹೆಸರಿನಲ್ಲಿ ಅರ್ಜಿ ಹೋಯಿತು. ಕಾನೂನಿನ ಈ ಕಿಂಡಿಯನ್ನು ಕಂಡವರ ಜಾಣ್ಮೆಗೆ ತಲೆದೂಗಲೇಬೇಕು.

1965ರ ಬೇಸಗೆಯಲ್ಲಿ 84 ಕೇಂದ್ರಗಳು ತೆರೆದವು. ಸುಮಾರು ಆರು ಸಾವಿರ ಮಕ್ಕಳು ಸೇರಿದರು. ಕೇಂದ್ರಗಳಿದ್ದುದು ಚರ್ಚುಗಳಲ್ಲಿ, ಹಳೆಯ ಮನೆಗಳಲ್ಲಿ. ಕಲಿಸಿದವರು ಯಾರು? ನಿನ್ನೆಯವರೆಗೆ ಹತ್ತಿ ಬಿಡಿಸುತ್ತಿದ್ದ, ಬಿಳಿಯರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ತಾಯಂದಿರು. ಅವರಲ್ಲಿ ಹಲವರಿಗೆ ಪ್ರೌಢಶಾಲೆಯ ಮುಖ ಗೊತ್ತಿಲ್ಲ. ಮಕ್ಕಳು ಬಾಯಲ್ಲಿ ಹೇಳಿದ ಮಾತುಗಳನ್ನೇ ಬರೆದು, ಅದನ್ನೇ ಅವರಿಗೆ ಓದಿಸುವ ಕ್ರಮವನ್ನು ಅಲ್ಲಿ ರೂಢಿಸಿದರು. ತನ್ನ ಮಾತು ಕಾಗದದ ಮೇಲೆ ನಿಲ್ಲಬಲ್ಲದೆಂದು ಕಂಡ ಮಗುವಿಗೆ ಅಕ್ಷರದ ಭಯವೆಲ್ಲಿಯದು? ಸರ್ಕಾರದ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಪಾಲಿ ಗ್ರೀನ್‌ಬರ್ಗ್ ಆ ಹುದ್ದೆ ಬಿಟ್ಟು ಇವರೊಡನೆ ಸೇರಿ, ಮುಂದೆ ಈ ಅನುಭವವನ್ನು ದೊಡ್ಡ ಗ್ರಂಥವಾಗಿ ಬರೆದರು.

ಇಲ್ಲಿಯೇ ವಿವಾದದ ಬೀಜವಿದೆ. ಶಿಕ್ಷಕಿಯಾದ ತಾಯಿಗೆ ಒಕ್ಕೂಟ ಸರ್ಕಾರದಿಂದ ಸಂಬಳ ಬಂತು. ಹೊಲದ ಕೂಲಿಗಿಂತ ಅದು ಎಷ್ಟೋ ಪಾಲು ಹೆಚ್ಚು. ಅಲ್ಲಿಯವರೆಗೆ ಮತಪಟ್ಟಿಗೆ ಹೆಸರು ಕೊಟ್ಟವಳನ್ನು ಕೆಲಸದಿಂದ ತೆಗೆಯುವುದು, ಗುಡಿಸಲಿನಿಂದ ಎಬ್ಬಿಸುವುದು ಜಮೀನ್ದಾರನ ಕೈಯಲ್ಲಿತ್ತು. ಈಗ ಸಂಬಳ ಅವನ ಕೈಯಿಂದ ಬರುತ್ತಿರಲಿಲ್ಲ. ಮಗುವಿನ ಊಟದ ತಟ್ಟೆ ಹೀಗೆ ತಾಯಿಯ ಸಂಕೋಲೆಯನ್ನು ಸಡಿಲಿಸಿತು. ಸೆನೆಟ್ ಸದಸ್ಯ ಜಾನ್ ಸ್ಟೆನಿಸ್ ಅವರು ಹಣ ದುರುಪಯೋಗವಾಗಿದೆ, ಅದು ಚಳವಳಿಗಾರರಿಗೆ ಹೋಗುತ್ತಿದೆ ಎಂದು ಆರೋಪಿಸಿದರು. ಕೆಲವು ಕೇಂದ್ರಗಳ ಮೇಲೆ ಗುಂಡು ಹಾರಿತು, ಬೆಂಕಿಯೂ ಬಿತ್ತು. ಲೆಕ್ಕಪತ್ರದಲ್ಲಿ ಅವ್ಯವಸ್ಥೆ ಇದ್ದುದು ನಿಜ. ಲೆಕ್ಕ ಬರೆದು ರೂಢಿಯೇ ಇಲ್ಲದ ಜನ ವಾರಗಳೊಳಗೆ ಕಟ್ಟಿದ ಸಂಸ್ಥೆ ಅದು. ಆದರೆ ಸ್ಟೆನಿಸರನ್ನು ಕಾಡಿದ್ದು ರಸೀತಿಯೆಂದು ನಾನು ನಂಬಲಾರೆ. ಹಣ ನಿಂತ ತಿಂಗಳುಗಳಲ್ಲಿಯೂ ಹಲವು ಕೇಂದ್ರಗಳ ಹೆಂಗಸರು ಸಂಬಳವಿಲ್ಲದೆ, ಮನೆಯಿಂದ ಅಡುಗೆ ತಂದು ಮಕ್ಕಳನ್ನು ನೋಡಿಕೊಂಡರು. ಆರಂಭದಲ್ಲಿ ಹೇಳಿದ ಬಸ್ಸಿನ ಪ್ರಯಾಣ ಆ ಕಾಲದ್ದು.

1966ರ ಶರತ್ಕಾಲದಲ್ಲಿ ಬಡತನ ನಿವಾರಣಾ ಕಚೇರಿಯ ಮುಖ್ಯಸ್ಥ ಸಾರ್ಜೆಂಟ್ ಶ್ರೈವರ್ ಈ ತಂಡದ ಅನುದಾನವನ್ನು ನಿಲ್ಲಿಸಿ, ಅದನ್ನು ಹೊಸದೊಂದು ಸಂಸ್ಥೆಗೆ ತಿರುಗಿಸಿದರು. ಅದನ್ನು ಪ್ರತಿಭಟಿಸಿ ಗಣ್ಯರು ಸಹಿ ಮಾಡಿದ ಪೂರ್ಣಪುಟದ ಜಾಹೀರಾತು ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಕೆಲವು ತಿಂಗಳ ಬಳಿಕ ಸ್ವಲ್ಪ ಹಣ ಮರಳಿತು. 1968ರ ಹೊತ್ತಿಗೆ ತಂಡವೇ ಕೊನೆಗಂಡಿತು. ಆದರೆ ಅದರ ಮಂಡಳಿಯಲ್ಲಿದ್ದ ತರುಣ ವಕೀಲೆಯೊಬ್ಬರು ಅಷ್ಟು ಹೊತ್ತಿಗೆ ಬೇರೆ ದಾರಿ ಹಿಡಿದಿದ್ದರು.

ಅವರು ಮೇರಿಯನ್ ರೈಟ್. ಮದುವೆಯ ಬಳಿಕ ಮೇರಿಯನ್ ರೈಟ್ ಎಡೆಲ್ಮನ್. ದಕ್ಷಿಣ ಕೆರೊಲಿನಾದಲ್ಲಿ 1939ರಲ್ಲಿ ಹುಟ್ಟಿ, ಯೇಲ್‌ನಲ್ಲಿ ಕಾನೂನು ಓದಿ, ಮಿಸಿಸಿಪ್ಪಿಯಲ್ಲಿ ವಕೀಲಿ ಸನ್ನದು ಪಡೆದ ಮೊದಲ ಕಪ್ಪುಮಹಿಳೆ. ಎನ್.ಎ.ಎ.ಸಿ.ಪಿ.ಯ ಕಾನೂನು ನಿಧಿಯ ಜಾಕ್ಸನ್ ಕಚೇರಿಯನ್ನು ಅವರು ನಡೆಸುತ್ತಿದ್ದರು. 1967ರಲ್ಲಿ ಡೆಲ್ಟಾದಲ್ಲಿ ಹಸಿವು ಉಲ್ಬಣಿಸಿತ್ತು. ಹತ್ತಿ ಬಿಡಿಸುವ ಯಂತ್ರಗಳೂ ಕಳೆನಾಶಕಗಳೂ ಕೂಲಿಯನ್ನು ಕಡಿಮೆ ಮಾಡಿದ್ದವು. ಹೊಲದ ಕೆಲಸಕ್ಕೂ ಗಂಟೆಗೆ ಒಂದು ಡಾಲರ್ ಕನಿಷ್ಠ ವೇತನ ಅನ್ವಯವಾದೊಡನೆ ಜಮೀನ್ದಾರರು ಉಳಿದವರನ್ನೂ ಬಿಡಿಸಿದರು. ಅದೇ ಸಮಯದಲ್ಲಿ ಹಲವು ಕೌಂಟಿಗಳು ಉಚಿತವಾಗಿ ಹಂಚುತ್ತಿದ್ದ ಧಾನ್ಯವನ್ನು ನಿಲ್ಲಿಸಿ ‘ಆಹಾರ ಚೀಟಿ’ಗಳಿಗೆ ಬದಲಾದವು. ಈ ಚೀಟಿಗಳನ್ನು ಹಣ ಕೊಟ್ಟು ಕೊಳ್ಳಬೇಕು. ತಲೆಗೆ ತಿಂಗಳಿಗೆ ಕನಿಷ್ಠ 2 ಡಾಲರ್. ವರಮಾನವೇ ಇಲ್ಲದವನು ಎರಡು ಡಾಲರನ್ನು ಎಲ್ಲಿಂದ ತಂದಾನು? ಕಾಗದದ ಮೇಲೆ ಅತ್ಯಂತ ನ್ಯಾಯಸಮ್ಮತವಾಗಿ ಕಾಣುವ ನಿಯಮವೊಂದು ಹೇಗೆ ಮಕ್ಕಳನ್ನು ಉಪವಾಸ ಕೆಡವಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಾನು ಕಂಡಿಲ್ಲ.

ಮೇರಿಯನ್ ರೈಟ್ ಸೆನೆಟ್ಟಿನ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದು, ಸದಸ್ಯರು ಕಣ್ಣಾರೆ ನೋಡಬೇಕೆಂದು ಒತ್ತಾಯಿಸಿದರು. 1967ರ ಏಪ್ರಿಲ್ 11ರಂದು ಜೋಸೆಫ್ ಕ್ಲಾರ್ಕ್ ಮತ್ತು ರಾಬರ್ಟ್ ಕೆನಡಿ ಡೆಲ್ಟಾದ ಗುಡಿಸಲುಗಳನ್ನು ಹೊಕ್ಕರು. ಹೊಟ್ಟೆ ಊದಿದ ಒಂದು ಕೂಸಿನೆದುರು ಕೆನಡಿ ಕುಳಿತು ಮಾತಾಡಿಸಿದರೂ ಅದು ತಲೆಯೆತ್ತಿ ನೋಡಲಿಲ್ಲ. ಮರುತಿಂಗಳು ಫೀಲ್ಡ್ ಪ್ರತಿಷ್ಠಾನವು ರಾಬರ್ಟ್ ಕೋಲ್ಸ್, ರೇಮಂಡ್ ವೀಲರ್ ಮೊದಲಾದ ವೈದ್ಯರನ್ನು ಕಳುಹಿಸಿತು. ಅವರ ತಪಾಸಣೆ ನಡೆದದ್ದು ಮುಖ್ಯವಾಗಿ ಹೆಡ್ ಸ್ಟಾರ್ಟ್ ಕೇಂದ್ರಗಳಿಗೆ ಬರುತ್ತಿದ್ದ ಮಕ್ಕಳ ಮೇಲೆ. ಅಂದರೆ ಅಕ್ಷರಕ್ಕಾಗಿ ಕೂಡಿಸಿದ ಮಕ್ಕಳೇ ಹಸಿವಿಗೆ ಸಾಕ್ಷಿಗಳಾದರು. ರಕ್ತಹೀನತೆ, ಹೊಟ್ಟೆಹುಳು, ಮೂಳೆಯ ಸೊಕ್ಕು ಕುಗ್ಗುವಿಕೆ, ಮಾಯದ ಹುಣ್ಣುಗಳನ್ನು ವೈದ್ಯರು ತಮ್ಮ ವರದಿಯಲ್ಲಿ ದಾಖಲಿಸಿದರು. ರಾಜ್ಯದ ಮಾನ ಹರಾಜಾಯಿತೆಂದು ಮಿಸಿಸಿಪ್ಪಿಯ ಮುಖಂಡರು ಸಿಡಿಮಿಡಿಗೊಂಡರು. ವಿಚಿತ್ರವೆಂದರೆ ತುರ್ತು ಆಹಾರ ಮತ್ತು ಔಷಧಕ್ಕಾಗಿ ಒಂದು ಕೋಟಿ ಡಾಲರಿನ ಮಸೂದೆಯನ್ನು ಮಂಡಿಸಿದವರು ಅದೇ ಸ್ಟೆನಿಸ್. ಕೃಷಿ ಇಲಾಖೆಯು ಕಡುಬಡವರಿಗೆ ಚೀಟಿಯ ಬೆಲೆಯನ್ನು 50 ಸೆಂಟಿಗೆ ಇಳಿಸಿತು. ಕೊಳ್ಳಬೇಕೆಂಬ ನಿಯಮವೇ ರದ್ದಾದದ್ದು ಹತ್ತು ವರ್ಷ ಬಿಟ್ಟು, 1977ರ ಕಾಯಿದೆಯಿಂದ.

ಅದೇ 1967ರಲ್ಲಿ ಮೌಂಡ್ ಬಾಯೂವಿನಲ್ಲಿ ಟಫ್ಟ್ಸ್ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಒಂದು ಆರೋಗ್ಯ ಕೇಂದ್ರ ತೆರೆಯಿತು. ಅದನ್ನು ಕಟ್ಟಿದ ಜ್ಯಾಕ್ ಗೈಗರ್ ದಕ್ಷಿಣ ಆಫ್ರಿಕದ ಫೊಲೇಲಾ ಎಂಬಲ್ಲಿ ಗ್ರಾಮಾರೋಗ್ಯದ ಪಾಠ ಕಲಿತು ಬಂದವರು. ಅಪೌಷ್ಟಿಕತೆಯಿಂದ ಬಂದ ಮಕ್ಕಳಿಗೆ ಅಲ್ಲಿನ ವೈದ್ಯರು ಔಷಧದ ಚೀಟಿಯಲ್ಲಿ ಹಾಲು, ಮೊಟ್ಟೆ, ಮಾಂಸ, ತರಕಾರಿ ಎಂದು ಬರೆದರು. ಊರ ಕಿರಾಣಿ ಅಂಗಡಿಯವರು ಅದರಂತೆ ಕೊಟ್ಟು, ಬಿಲ್ಲನ್ನು ಕೇಂದ್ರದ ಔಷಧಾಲಯಕ್ಕೆ ಕಳುಹಿಸಿದರು. ಔಷಧದ ಹಣ ಔಷಧಕ್ಕೆ ಮಾತ್ರ ಎಂದು ಮೇಲಧಿಕಾರಿಗಳು ಆಕ್ಷೇಪಿಸಿದಾಗ, ತಾವು ಓದಿದ ವೈದ್ಯಗ್ರಂಥದಲ್ಲಿ ಅಪೌಷ್ಟಿಕತೆಗೆ ಹೇಳಿರುವ ಚಿಕಿತ್ಸೆ ಆಹಾರವೇ ಎಂದು ಗೈಗರ್ ಉತ್ತರಿಸಿದರಂತೆ. ಮುಂದೆ ಜಾನ್ ಹ್ಯಾಚ್ ಅವರ ನೆರವಿನಿಂದ ಜನರು ಸಹಕಾರಿ ಬೇಸಾಯ ಸಂಘವನ್ನು ಕಟ್ಟಿ, ಹತ್ತಿಯ ನೆಲದಲ್ಲಿ ತರಕಾರಿ ಬೆಳೆದು ಹಂಚಿಕೊಂಡರು.

ಡೆಲ್ಟಾದಿಂದ ಬಹುದೂರದ ಓಕ್ಲೆಂಡಿನಲ್ಲಿ ನಡೆದದ್ದನ್ನೂ ಒಂದಿಷ್ಟು ಹೇಳಬೇಕು. ಅಲ್ಲಿನ ಕಪ್ಪುಜನರಲ್ಲಿ ಬಹಳಷ್ಟು ಮಂದಿ ದಕ್ಷಿಣದ ಹತ್ತಿಯ ಹೊಲಗಳಿಂದಲೇ ವಲಸೆ ಹೋದವರು. 1969ರ ಜನವರಿಯಲ್ಲಿ ‘ಬ್ಲ್ಯಾಕ್ ಪ್ಯಾಂಥರ್’ ಪಕ್ಷವು ಅಲ್ಲಿನ ಸಂತ ಆಗಸ್ಟೀನ್ ಚರ್ಚಿನಲ್ಲಿ ಶಾಲಾಮಕ್ಕಳಿಗೆ ಬೆಳಗಿನ ಉಚಿತ ಉಪಾಹಾರವನ್ನು ಆರಂಭಿಸಿತು. ಬಂದೂಕಿನ ಚಿತ್ರಗಳಿಂದ ಹೆಸರಾದ ಪಕ್ಷ ಅದು. ಅದರ ಹಿಂಸೆಯನ್ನು ಮರೆಮಾಚಿ ಉಪಾಹಾರವನ್ನಷ್ಟೇ ಕೊಂಡಾಡುವ ಇತ್ತೀಚಿನ ಬರವಣಿಗೆಗಳು ನನಗೆ ಒಪ್ಪಿಗೆಯಿಲ್ಲ. ಆದರೆ ಒಕ್ಕೂಟದ ಗುಪ್ತಚರ ಮುಖ್ಯಸ್ಥ ಎಡ್ಗರ್ ಹೂವರ್ ಅದೇ ವರ್ಷ ತಮ್ಮ ಕಚೇರಿಗಳಿಗೆ ಬರೆದ ಪತ್ರದಲ್ಲಿ ಬಂದೂಕಿಗಿಂತ ಈ ಉಪಾಹಾರವನ್ನೇ ದೊಡ್ಡ ಅಪಾಯವೆಂದು ಗುರುತಿಸಿದ್ದು ಗಮನಾರ್ಹ. ಆಗ ಪ್ರಾಯೋಗಿಕವಾಗಿದ್ದ ಸರ್ಕಾರಿ ಶಾಲಾ ಉಪಾಹಾರ ಯೋಜನೆ 1975ರಲ್ಲಿ ಶಾಶ್ವತವಾಯಿತು.

ಇದೇ ಪಕ್ಷ 1971ರಿಂದ ಕುಡುಗೋಲು ಕಣ ರಕ್ತಹೀನತೆಯ ತಪಾಸಣೆಯನ್ನು ಕೈಗೊಂಡಿತು. ಶಿಕಾಗೋದ ವೈದ್ಯ ಜೇಮ್ಸ್ ಹೆರಿಕ್ 1910ರಲ್ಲಿಯೇ ಈ ರೋಗವನ್ನು ವರ್ಣಿಸಿದ್ದರೂ, ಮುಖ್ಯವಾಗಿ ಕಪ್ಪುಮಕ್ಕಳನ್ನು ಕಾಡುವ ರೋಗವೆಂದು ಅದರ ಸಂಶೋಧನೆ ದಶಕಗಳ ಕಾಲ ಅಲಕ್ಷ್ಯಕ್ಕೆ ಗುರಿಯಾಗಿತ್ತು. 1972ರಲ್ಲಿ ಇದರ ನಿಯಂತ್ರಣಕ್ಕಾಗಿ ಕಾಯಿದೆ ಬಂತು. ಆತುರದ ತಪಾಸಣೆಯಿಂದ ಹಾನಿಯೂ ಆಯಿತು: ರೋಗವಿಲ್ಲದೆ ಕೇವಲ ವಾಹಕರಾದವರನ್ನು ರೋಗಿಗಳೆಂದು ತಿಳಿದು ಉದ್ಯೋಗ, ವಿಮೆಗಳನ್ನು ನಿರಾಕರಿಸಿದ ಪ್ರಸಂಗಗಳುಂಟು. ನಿಜವಾದ ಫಲ ಕಂಡದ್ದು 1986ರಲ್ಲಿ. ಕಪ್ಪುಮಹಿಳೆಯಾದ ಡಾ. ಮೇರಿಲಿನ್ ಗ್ಯಾಸ್ಟನ್ ನೇತೃತ್ವದ ಅಧ್ಯಯನವು ದಿನವೂ ಪೆನಿಸಿಲಿನ್ ಕೊಟ್ಟರೆ ಈ ರೋಗವಿರುವ ಎಳೆಯ ಮಕ್ಕಳನ್ನು ಮಾರಕ ಸೋಂಕಿನಿಂದ ಉಳಿಸಬಹುದೆಂದು ತೋರಿಸಿತು. ನವಜಾತ ಶಿಶುಗಳ ತಪಾಸಣೆಗೆ ಅದರಿಂದ ಬಲ ಬಂತು. ನಮ್ಮ ನೆರೆಯ ನೀಲಗಿರಿಯ ಬುಡಕಟ್ಟುಗಳಲ್ಲಿ ಈ ರಕ್ತಲಕ್ಷಣ 1952ರಲ್ಲಿಯೇ ಪತ್ತೆಯಾಗಿತ್ತು. ಭಾರತ ಸರ್ಕಾರ ಇದರ ನಿರ್ಮೂಲನೆಗಾಗಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿದ್ದು 2023ರಲ್ಲಿ.

ಮೇರಿಯನ್ ಎಡೆಲ್ಮನ್ 1973ರಲ್ಲಿ ‘ಮಕ್ಕಳ ರಕ್ಷಣಾ ನಿಧಿ’ಯನ್ನು ಸ್ಥಾಪಿಸಿದರು. ಮಿಸಿಸಿಪ್ಪಿಯಿಂದ ಅವರು ಕಲಿತ ಪಾಠ, ಮೊದಲು ಎಣಿಸಬೇಕು ಎಂಬುದೆಂದು ತೋರುತ್ತದೆ. ನಿಧಿಯು 1974ರಲ್ಲಿ ಹೊರತಂದ ಮೊದಲ ವರದಿ ಶಾಲೆಯ ಹೊರಗಿರುವ ಮಕ್ಕಳನ್ನು ಕುರಿತದ್ದು. ಜನಗಣತಿಯ ಅಂಕಿಗಳನ್ನು ಸೋಸಿ, ಮನೆಮನೆಗೆ ಹೋಗಿ ವಿಚಾರಿಸಿ, ಸುಮಾರು 20 ಲಕ್ಷ ಮಕ್ಕಳು ಶಾಲೆಗೆ ಹೋಗುತ್ತಿಲ್ಲವೆಂದು ಅದು ತೋರಿಸಿತು. ಇವರೆಲ್ಲ ಶಾಲೆ ಬಿಟ್ಟವರಲ್ಲ, ಶಾಲೆಯೇ ಬಿಟ್ಟವರು. ಅಂಗವೈಕಲ್ಯವಿರುವ ಮಗು, ಪುಸ್ತಕದ ಶುಲ್ಕ ಕಟ್ಟಲಾಗದ ಮಗು, ಗರ್ಭಿಣಿಯಾದ ಹುಡುಗಿ, ಶಿಸ್ತಿನ ಹೆಸರಿನಲ್ಲಿ ಅಮಾನತಾದ ಹುಡುಗ. ಮರುವರ್ಷದ ವರದಿಯಲ್ಲಿ, ಕಪ್ಪುಮಕ್ಕಳು ಬಿಳಿಯ ಮಕ್ಕಳ ಸುಮಾರು ಇಮ್ಮಡಿ ಪ್ರಮಾಣದಲ್ಲಿ ಅಮಾನತಾಗುತ್ತಿದ್ದಾರೆಂದು ಅಂಕಿಗಳಿಂದ ಸ್ಥಾಪಿಸಿತು. 1975ರಲ್ಲಿ ಅಂಗವಿಕಲ ಮಕ್ಕಳ ಶಿಕ್ಷಣದ ಕಾಯಿದೆಯೂ, 1997ರಲ್ಲಿ ವಿಮೆಯಿಲ್ಲದ ಮಕ್ಕಳ ಆರೋಗ್ಯ ವಿಮಾ ಯೋಜನೆಯೂ ಬಂದಾಗ ಅವುಗಳ ಹಿಂದೆ ಒತ್ತಾಯಿಸಿದವರ ಸಾಲಿನಲ್ಲಿ ಈ ನಿಧಿ ಇತ್ತು. 1990ರ ದಶಕದಲ್ಲಿ ಅದು ‘ಸ್ವಾತಂತ್ರ್ಯ ಶಾಲೆ’ ಎಂಬ 1964ರ ಹೆಸರನ್ನೇ ಎತ್ತಿಕೊಂಡು ಬೇಸಗೆಯ ಓದಿನ ಶಿಬಿರಗಳನ್ನು ಆರಂಭಿಸಿತು. ಅಲ್ಲಿ ಓದಿನ ಜೊತೆಗೆ ಊಟವೂ ಉಂಟು.

ಮೌಂಡ್ ಬಾಯೂವಿನಲ್ಲಿ ಚಂದಾಹಣದಿಂದ ಎದ್ದ ಆಸ್ಪತ್ರೆ ಹಣವಿಲ್ಲದೆ 1983ರಲ್ಲಿ ಮುಚ್ಚಿತು. ಗೈಗರ್ ತೆರೆದ ಆರೋಗ್ಯ ಕೇಂದ್ರ ಇಂದಿಗೂ ನಡೆಯುತ್ತಿದೆ. ಅದರ ಮಾದರಿಯಲ್ಲಿ ಬೆಳೆದ ಸಮುದಾಯ ಆರೋಗ್ಯ ಸಂಸ್ಥೆಗಳು ಈಗ ಅಮೆರಿಕದಲ್ಲಿ ಸಾವಿರಕ್ಕೂ ಮೀರಿವೆ. ಫೆರಬೀ ಅವರ ಕಾರುಗಳು ಧೂಳೆಬ್ಬಿಸಿ ಹೋದ ಬೊಲಿವರ್ ಕೌಂಟಿಯಲ್ಲಿ ಈಗ ಲಸಿಕೆ ಹಾಕಿಸಲು ಮಗುವಿನ ತಾಯಿ ಯಾವ ಒಡೆಯನ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ.